ಮೂಕಜೀವದ ಅಗಲಿಕೆ: ಮೋಹದಿಂದ ಅನುಕಂಪೆಯೆಡೆಗೆ

ನಿನ್ನೆಯವರೆಗೆ ಅಂಗಳದಲ್ಲಿ ಆಡಿಕೊಂಡಿದ್ದ ಬೆಕ್ಕು ಇಂದು ಹಾಲು ಮುಟ್ಟದೆ ಮೂಲೆ ಸೇರುತ್ತದೆ. ಎರಡು ಮೂರು ದಿನಗಳಲ್ಲಿ ಅದರ ಆಯುಷ್ಯ ಮುಗಿಯುತ್ತದೆ. ‘ಬೆಕ್ಕು ತಾನೆ, ಇನ್ನೊಂದನ್ನು ತಂದರಾಯಿತು’ ಎನ್ನುತ್ತಾರೆ ಹೊರಗಿನವರು. ಆದರೆ ಅದರೊಡನೆ ಬೆಳೆದ ಮಗುವಿಗೆ, ಮಕ್ಕಳು ದೂರದೂರು ಸೇರಿದ ಮೇಲೆ ಅದರೊಡನೆ ಮಾತನಾಡುತ್ತ ದಿನ ಕಳೆಯುತ್ತಿದ್ದ ಹಿರಿಯ ಜೀವಕ್ಕೆ ಅದು ಸಣ್ಣ ಸಂಗತಿಯಲ್ಲ. ಅತ್ತರೆ ನಗುವರೆಂಬ ಸಂಕೋಚದಿಂದ ಎಷ್ಟೋ ಮನೆಗಳಲ್ಲಿ ಈ ದುಃಖವನ್ನು ಮೌನವಾಗಿ ನುಂಗಲಾಗುತ್ತದೆ. ಜಿನಧರ್ಮವು ಈ ದುಃಖವನ್ನು ಕಂಡು ನಗುವುದಿಲ್ಲ. ಅದರಲ್ಲಿಯೇ ಮುಳುಗಿರಲೂ ಬಿಡುವುದಿಲ್ಲ.

ಜೈನಾಗಮದ ಪ್ರಕಾರ ಬೆಕ್ಕು ಐದು ಇಂದ್ರಿಯಗಳೂ ಮನಸ್ಸೂ ಉಳ್ಳ ಸಂಜ್ಞಿ ತಿರ್ಯಂಚ ಜೀವ. ಸುಖ ದುಃಖಗಳನ್ನು ಅದು ಅನುಭವಿಸುತ್ತದೆ, ಹಿತಾಹಿತವನ್ನು ಅರಿಯಬಲ್ಲದು. ಇಂಥ ತಿರ್ಯಂಚ ಜೀವಿಗಳು ಸಮ್ಯಗ್ದರ್ಶನವನ್ನು ಪಡೆದು, ಅಣುವ್ರತಗಳನ್ನು ಧರಿಸಿ ಐದನೆಯ ಗುಣಸ್ಥಾನದವರೆಗೂ ಏರಬಲ್ಲವೆಂದು ಸಿದ್ಧಾಂತವು ಒಪ್ಪುತ್ತದೆ. ಭಗವಾನ್ ಮಹಾವೀರರ ಜೀವವು ಹಿಂದಿನ ಒಂದು ಭವದಲ್ಲಿ ಸಿಂಹವಾಗಿದ್ದು, ಚಾರಣಮುನಿಗಳ ಉಪದೇಶ ಕೇಳಿ ಹಿಂಸೆಯನ್ನು ತ್ಯಜಿಸಿತು. ಪಾರ್ಶ್ವನಾಥರ ಜೀವವು ಆನೆಯಾಗಿದ್ದಾಗ ವ್ರತಗಳನ್ನು ಪಾಲಿಸಿತು. ಆದುದರಿಂದ ಮನೆಯ ಮೂಲೆಯಲ್ಲಿ ನರಳುತ್ತಿರುವ ಪ್ರಾಣಿಯೊಳಗೂ ಮೋಕ್ಷಮಾರ್ಗದಲ್ಲಿ ಸಾಗಬಲ್ಲ ಒಂದು ಆತ್ಮವಿದೆ ಎಂಬ ಅರಿವು ಶ್ರಾವಕನಿಗೆ ಇರಬೇಕು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಶ್ರಾವಕರಿಗೆ ಈ ಅರಿವು ಹೊಸತಲ್ಲ. ಇಲ್ಲಿಯ ಜೈನರಲ್ಲಿ ಬಹುಪಾಲು ಒಕ್ಕಲುತನದವರು, ದನಕರುಗಳೊಡನೆ ಬಾಳಿದವರು. ವೇದಗಂಗಾ–ದೂಧಗಂಗಾ ಸಂಗಮದ ಬಳಿಯ ಭೋಜ ಗ್ರಾಮದಲ್ಲಿ ಬೆಳೆದ ಸಾತಗೌಡರು ಮುಂದೆ ಚಾರಿತ್ರ ಚಕ್ರವರ್ತಿ ಆಚಾರ್ಯ ಶಾಂತಿಸಾಗರರಾದರು. ಗೃಹಸ್ಥರಾಗಿದ್ದಾಗ ಅವರು ಹೊಲದ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ, ಕುಡಿಯಲು ನೀರನ್ನೂ ಇಡುತ್ತಿದ್ದರೆಂದು ಅವರ ಚರಿತ್ರೆಯನ್ನು ಬರೆದವರು ದಾಖಲಿಸಿದ್ದಾರೆ. 1946ರಲ್ಲಿ ಸದಲಗಾದಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರವರಿಯಲ್ಲಿ ಡೋಂಗರಗಢದಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದರು. ಅವರ ಪ್ರೇರಣೆಯಿಂದ ದೇಶದ ಹಲವೆಡೆ ಗೋಶಾಲೆಗಳು ತಲೆಯೆತ್ತಿವೆ. ಮೂಕಜೀವಗಳ ಹಿತವನ್ನು ಧರ್ಮದ ಒಳಗೇ ಕಂಡ ನೆಲವಿದು.

ಆದರೂ ಬೆಕ್ಕಿನ ವಿಷಯದಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೆಕ್ಕು ಮುಂತಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ, ಅಂದರೆ ನಿಷ್ಪ್ರಯೋಜಕವಾದ ಪಾಪಕಾರ್ಯಗಳಲ್ಲಿ ಎಣಿಸಿದೆ. ಹಾಗಾದರೆ ಬೆಕ್ಕಿಗಾಗಿ ಮರುಗುವುದು ಸರಿಯೆ? ಶಾಸ್ತ್ರದ ಆಶಯವನ್ನು ಇಲ್ಲಿ ವಿವೇಕದಿಂದ ತಿಳಿಯಬೇಕು. ಕಣಜದ ಇಲಿಗಳನ್ನು ಕೊಲ್ಲಿಸುವ ಸಲುವಾಗಿ ಬೆಕ್ಕನ್ನು ಆಯುಧದಂತೆ ಸಾಕುವುದು ಹಿಂಸೆಗೆ ಸಾಧನ ಒದಗಿಸಿದಂತೆ. ಅದು ಶ್ರಾವಕನಿಗೆ ಸಲ್ಲದು. ತಾಯಿಯನ್ನು ಕಳೆದುಕೊಂಡು ಬಾಗಿಲಿಗೆ ಬಂದ ಮರಿಗೆ ಅನ್ನ ಆಶ್ರಯ ನೀಡುವುದು ಕರುಣೆ. ಭಾವ ಬೇರೆ, ಫಲವೂ ಬೇರೆ. ಆಶ್ರಯ ಕೊಟ್ಟ ಮೇಲೆ ಅದಕ್ಕೆ ಹೊತ್ತಿಗೆ ಸರಿಯಾಗಿ ಉಣಿಸುವುದು, ಕೊರಳಿಗೆ ಗೆಜ್ಜೆ ಕಟ್ಟುವುದು, ರಾತ್ರಿ ಮನೆಯೊಳಗೆ ಇರಿಸಿಕೊಳ್ಳುವುದು ಇತರ ಜೀವಗಳ ಮೇಲಿನ ದಯೆಯೂ ಹೌದು.

ಕಾಯಿಲೆ ಬಂದಾಗ ಶ್ರಾವಕನ ಮೊದಲ ಕರ್ತವ್ಯ ಔಷಧದಾನ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಇದೂ ಒಂದು. ಬೆಕ್ಕು ತನ್ನ ನೋವನ್ನು ಮರೆಮಾಚುವ ಪ್ರಾಣಿ. ಆದುದರಿಂದಲೇ ಅದರ ರೋಗವು ಹಠಾತ್ತನೆ ಬಂದಂತೆ ತೋರುತ್ತದೆ. ಪ್ಯಾನ್‌ಲ್ಯುಕೋಪೀನಿಯ ಎಂಬ ವೈರಾಣು ರೋಗವು ಲಸಿಕೆ ಪಡೆಯದ ಮರಿಗಳನ್ನು ಕೆಲವೇ ದಿನಗಳಲ್ಲಿ ಬಲಿ ತೆಗೆದುಕೊಳ್ಳಬಲ್ಲದು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಎರಡು ಮೂರು ದಿನಗಳ ವಿಳಂಬವೂ ಪ್ರಾಣಕ್ಕೆ ಎರವಾಗುತ್ತದೆ. ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ಇಲಿಗೆಂದು ಇಟ್ಟ ಪಾಷಾಣವು ಸತ್ತ ಇಲಿಯ ಮೂಲಕ ಬೆಕ್ಕಿನ ಹೊಟ್ಟೆಯನ್ನೂ ಸೇರಬಹುದು. ಒಂದು ಹಿಂಸೆ ಮತ್ತೊಂದನ್ನು ಎಳೆದು ತರುವ ಬಗೆಯಿದು. ಪ್ರೀತಿಯಷ್ಟೇ ಸಾಲದು, ಸಮ್ಯಗ್ಜ್ಞಾನವೂ ಬೇಕು. ಮನೆಮದ್ದಿನಲ್ಲಿ ಕಾಲ ಕಳೆಯದೆ ಪಶುವೈದ್ಯರ ಬಳಿಗೆ ಒಯ್ಯುವುದೇ ಕರುಣೆಯ ಸರಿಯಾದ ರೂಪ.

ಚಿಕಿತ್ಸೆ ಫಲಿಸದಿದ್ದಾಗ ಮಾಡಬೇಕಾದುದೇನು? ಜೀವಂಧರ ಕುಮಾರನ ಕಥೆ ಇದಕ್ಕೆ ಉತ್ತರ ನೀಡುತ್ತದೆ. ವಾದೀಭಸಿಂಹ ಸೂರಿ ಸಂಸ್ಕೃತದಲ್ಲಿಯೂ ಭಾಸ್ಕರ ಕವಿ 1424ರಲ್ಲಿ ಕನ್ನಡದಲ್ಲಿಯೂ ಹೇಳಿದ ಕಥೆಯಿದು. ಯಜ್ಞದ ಹವಿಸ್ಸನ್ನು ಮುಟ್ಟಿತೆಂದು ಕೆಲವರು ಹೊಡೆದ ನಾಯಿಯೊಂದು ಸಾಯುತ್ತ ಬಿದ್ದಿರುತ್ತದೆ. ಜೀವಂಧರನು ಮೊದಲು ಅದನ್ನು ಬದುಕಿಸಲು ಯತ್ನಿಸುತ್ತಾನೆ. ಅದು ಆಗದೆಂದು ತಿಳಿದಾಗ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಶಾಂತಭಾವದಿಂದ ಪ್ರಾಣ ಬಿಟ್ಟ ಆ ನಾಯಿ ಸುದರ್ಶನನೆಂಬ ಯಕ್ಷನಾಗಿ ಜನಿಸಿ, ಮುಂದೆ ಅವನಿಗೆ ನೆರವಾಗುತ್ತದೆ. ಪದ್ಮರುಚಿ ಎಂಬ ಶ್ರಾವಕನು ಸಾಯುತ್ತಿದ್ದ ಎತ್ತಿಗೆ ಇದೇ ಮಂತ್ರವನ್ನು ಕೇಳಿಸಿದ ಪ್ರಸಂಗ ರವಿಷೇಣರ ಪದ್ಮಪುರಾಣದಲ್ಲಿದೆ.

ಈ ಕಥೆಯಲ್ಲಿ ಕ್ರಮವನ್ನು ಗಮನಿಸಬೇಕು. ಜೀವಂಧರನು ಚಿಕಿತ್ಸೆಯ ಬದಲಿಗೆ ಮಂತ್ರ ಹೇಳಲಿಲ್ಲ. ಯತ್ನ ಮುಗಿದ ಮೇಲೆ ಹೇಳಿದನು. ಪ್ರಾಣ ಹೋಗುವ ಹೊತ್ತಿನಲ್ಲಿ ಗೋಳಾಡಿ ಆ ಜೀವವನ್ನು ಇನ್ನಷ್ಟು ಬೆದರಿಸಲಿಲ್ಲ. ಅಂತಿಮ ಕಾಲದ ಪರಿಣಾಮ ಶಾಂತವಾಗಿರಬೇಕೆಂಬುದೇ ಜೈನರ ಆಶಯ. ಕೋಣೆಯ ಗದ್ದಲವನ್ನು ಕಡಿಮೆ ಮಾಡಿ, ಪ್ರಾಣಿಗೆ ಪರಿಚಿತವಾದ ಕೈಯೊಂದು ಮೈದಡವುತ್ತಿದ್ದು, ಮೆಲುದನಿಯಲ್ಲಿ ಣಮೋಕಾರವು ಕೇಳಿಸುತ್ತಿದ್ದರೆ ಸಾಕು. ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಸಲ್ಲೇಖನವು ಅರಿತು, ಸ್ವತಃ ಇಚ್ಛೆಯಿಂದ ತೊಡುವ ವ್ರತ. ಅದನ್ನು ಬೇರೊಂದು ಜೀವದ ಮೇಲೆ ಹೇರಲಾಗದು. ಅದರ ಹೆಸರಿನಲ್ಲಿ ರೋಗಿಷ್ಠ ಪ್ರಾಣಿಯ ಅನ್ನನೀರು ನಿಲ್ಲಿಸುವುದು ಧರ್ಮವಲ್ಲ. ನೋವು ತಗ್ಗಿಸುವ ಔಷಧ, ಕೊನೆಯವರೆಗಿನ ಶುಶ್ರೂಷೆ ಇವೇ ಅಹಿಂಸೆಯ ದಾರಿ.

ಅಗಲಿಕೆಯ ಬಳಿಕ ಉಳಿಯುವುದು ಶೋಕ. ಪ್ರಿಯವಾದುದರ ವಿಯೋಗವನ್ನೇ ಮತ್ತೆ ಮತ್ತೆ ಚಿಂತಿಸುವುದನ್ನು ತತ್ತ್ವಾರ್ಥಸೂತ್ರವು ಆರ್ತಧ್ಯಾನದ ಭೇದಗಳಲ್ಲಿ ಒಂದೆಂದು ಹೇಳುತ್ತದೆ. ಈ ಧ್ಯಾನವು ಅವಿರತರಿಗೂ ಅಣುವ್ರತಿಗಳಿಗೂ ಪ್ರಮತ್ತ ಮುನಿಗಳಿಗೂ ಉಂಟಾಗಬಹುದೆಂದು ಅದೇ ಗ್ರಂಥ ತಿಳಿಸುತ್ತದೆ. ಮನೆಮಠ ತೊರೆದವರನ್ನೂ ಮುಟ್ಟಬಲ್ಲ ಶೋಕವು ಗೃಹಸ್ಥನನ್ನು ಮುಟ್ಟಿದರೆ ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಆದರೆ ಅದರಲ್ಲಿಯೇ ನೆಲೆ ನಿಲ್ಲಬಾರದು. ಶೋಕ ಆಕ್ರಂದನಗಳಿಂದ ಅಸಾತಾವೇದನೀಯ ಕರ್ಮದ ಆಸ್ರವವಾಗುತ್ತದೆ, ಅಂದರೆ ಮುಂದೆ ದುಃಖವನ್ನೇ ಕೊಡುವ ಕರ್ಮ ಹರಿದು ಬರುತ್ತದೆ. ಸಕಲ ಜೀವಿಗಳ ಮೇಲಿನ ಅನುಕಂಪೆಯಿಂದ, ದಾನದಿಂದ ಸಾತಾವೇದನೀಯದ ಆಸ್ರವ. ಸೂತ್ರಕಾರರು ಇವೆರಡನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟಿದ್ದಾರೆ. ಶೋಕದಿಂದ ಅನುಕಂಪೆಗೆ ದಾರಿ ದೂರವಿಲ್ಲ.

ಶೋಕಕ್ಕಿಂತಲೂ ಹೆಚ್ಚು ಸುಡುವುದು ಪಶ್ಚಾತ್ತಾಪ. ‘ಒಂದು ದಿನ ಮೊದಲೇ ಒಯ್ದಿದ್ದರೆ ಉಳಿಯುತ್ತಿತ್ತೇನೋ’ ಎಂಬ ಮಾತು ರಾತ್ರಿಯೆಲ್ಲ ಕಾಡುತ್ತದೆ. ‘ಎಲ್ಲವೂ ಕರ್ಮ’ ಎಂದು ಹೇಳಿ ಪ್ರಮಾದವನ್ನು ಮುಚ್ಚಿಡುವುದು ಸಲ್ಲ. ಎಲ್ಲದಕ್ಕೂ ತಾನೇ ಕಾರಣನೆಂದು ತನ್ನನ್ನು ದಂಡಿಸಿಕೊಳ್ಳುವುದೂ ಸಲ್ಲ. ಇದಕ್ಕೆ ಜೈನಾಚಾರದಲ್ಲಿ ಸ್ಪಷ್ಟವಾದ ವಿಧಿಯಿದೆ. ನಡೆದುದನ್ನು ಮರೆಮಾಚದೆ ಜಿನರ ಮುಂದೆ ಅಥವಾ ಗುರುವಿನ ಮುಂದೆ ನಿವೇದಿಸುವುದು ಆಲೋಚನೆ. ಆ ದೋಷದಿಂದ ಹಿಂದಿರುಗುವುದು ಪ್ರತಿಕ್ರಮಣ. ಮತ್ತೆ ಹಾಗೆ ನಡೆಯೆನೆಂದು ಸಂಕಲ್ಪಿಸುವುದು ಪ್ರತ್ಯಾಖ್ಯಾನ. ಇಷ್ಟಾದ ಮೇಲೆ ಆ ಭಾರವನ್ನು ಇಳಿಸಬೇಕು. ಎಷ್ಟು ಔಷಧ, ಎಷ್ಟು ಪ್ರೀತಿ ಇದ್ದರೂ ಮೃತ್ಯುವಿನ ಎದುರು ಯಾರೂ ಶರಣಲ್ಲವೆಂದು ಅಶರಣ ಭಾವನೆ ನೆನಪಿಸುತ್ತದೆ. ಜೀವ ಬೇರೆ, ದೇಹ ಬೇರೆ ಎಂದು ಅನ್ಯತ್ವ ಭಾವನೆ ತಿಳಿಸುತ್ತದೆ. ನಂದಿದ್ದು ಒಂದು ಪರ್ಯಾಯ, ಜೀವವು ನಂದುವುದಿಲ್ಲ. ಮಕ್ಕಳಿಗೂ ‘ಬೆಕ್ಕು ಎಲ್ಲಿಗೋ ಹೋಯಿತು’ ಎಂಬ ಸುಳ್ಳಿಗಿಂತ ಈ ಸತ್ಯವನ್ನು ಮೃದುವಾಗಿ ಹೇಳುವುದು ಲೇಸು.

ಪ್ರಾಣಿಯೊಂದರ ವಿಯೋಗವು ಇಡೀ ಸೀಮೆಯ ಕಣ್ಣನ್ನು ತೇವಗೊಳಿಸಿದ ಪ್ರಸಂಗವೂ ಈಚೆಗೆ ನಡೆದಿದೆ. ಗಡಿಯಾಚೆಯ ಶಿರೋಳ ತಾಲ್ಲೂಕಿನ ನಾಂದಣಿ ಜೈನ ಮಠದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲವಿದ್ದ ಮಹಾದೇವಿ ಎಂಬ ಆನೆಯನ್ನು ನ್ಯಾಯಾಲಯದ ಆದೇಶದಂತೆ 2025ರ ಜುಲೈನಲ್ಲಿ ಜಾಮನಗರದ ವನತಾರಾಕ್ಕೆ ಕಳುಹಿಸಲಾಯಿತು. ಬೀಳ್ಕೊಡುವಾಗ ಸಾವಿರಾರು ಜನ ಅತ್ತರು. ಅಲ್ಲಿದ್ದುದು ಮರಣವಲ್ಲ, ಅಗಲಿಕೆ. ಆದರೂ ಪ್ರಶ್ನೆ ಒಂದೇ: ಪ್ರೀತಿಯು ತನ್ನ ಹತ್ತಿರವೇ ಇರಬೇಕೆಂದು ಬಯಸುತ್ತದೆಯೋ, ಆ ಜೀವಕ್ಕೆ ಹಿತವಾಗಲೆಂದು ಬಯಸುತ್ತದೆಯೋ? ಮೊದಲನೆಯದು ಮೋಹ, ಎರಡನೆಯದು ಮೈತ್ರಿ. ಸಾಕಿದ ಪ್ರತಿಯೊಬ್ಬರ ಎದೆಯಲ್ಲಿಯೂ ಇವೆರಡು ಬೆರೆತೇ ಇರುತ್ತವೆ. ಬೆರೆತುದನ್ನು ಬೇರ್ಪಡಿಸಿ ನೋಡಿಕೊಳ್ಳುವುದೇ ಸ್ವಾಧ್ಯಾಯ.

ಬೆಕ್ಕಿನ ಬಟ್ಟಲು ಬರಿದಾಗಿ ಉಳಿದ ಮನೆಯು ಅದನ್ನು ತೊಳೆದು ಎತ್ತಿಡಬೇಕಾಗಿಲ್ಲ. ಬೇಸಿಗೆಯಲ್ಲಿ ಅದೇ ಬಟ್ಟಲಿನಲ್ಲಿ ಹಕ್ಕಿಗಳಿಗೆ ಶೋಧಿಸಿದ ನೀರಿಡಬಹುದು. ಅದರ ಔಷಧಕ್ಕೆಂದು ತೆಗೆದಿಟ್ಟ ಹಣದಿಂದ ಬೀದಿಯ ಗಾಯಗೊಂಡ ಪ್ರಾಣಿಗೆ ಚಿಕಿತ್ಸೆ ಕೊಡಿಸಬಹುದು. ಹೊಲಮನೆಯಲ್ಲಿ ಇಲಿಪಾಷಾಣವನ್ನು ಬಿಟ್ಟು ಕಣಜದ ಬಾಯಿಯನ್ನು ಭದ್ರಪಡಿಸಬಹುದು. ಅಷ್ಟಮಿ ಚತುರ್ದಶಿಗಳಂದು ಸಾಮಾಯಿಕಕ್ಕೆ ಕುಳಿತಾಗ ಸರ್ವಜೀವಗಳಲ್ಲಿ ಕ್ಷಮೆ ಬೇಡುವ ಹೊತ್ತಿನಲ್ಲಿ ಅಗಲಿದ ಆ ಪುಟ್ಟ ಜೀವವನ್ನೂ ನೆನೆದು, ಅದರಿಂದ ಕ್ಷಮೆ ಬೇಡಿ, ಅದಕ್ಕೆ ಸದ್ಗತಿಯನ್ನು ಹಾರೈಸಬಹುದು. ಒಂದು ಜೀವವನ್ನು ಪ್ರೀತಿಸಿ ಕಲಿತದ್ದನ್ನು ಉಳಿದ ಜೀವಗಳಿಗೆ ಹಂಚುವುದು ಶ್ರಾವಕನಿಗೆ ಉಳಿದಿರುವ ಕೆಲಸ.