ಹೆಸರು ಬದಲಾದ ಊರುಗಳು ಮತ್ತು ಆಕರಶೋಧ: ದಾವಣಗೆರೆ–ಹರಿಹರದ ನಿದರ್ಶನ

ಸ್ನಾತಕೋತ್ತರ ಪ್ರಬಂಧಗಳ ಪೀಠಿಕೆಗಳಲ್ಲಿ ‘ಈ ವಿಷಯವನ್ನು ಕುರಿತು ಇದುವರೆಗೆ ಅಧ್ಯಯನ ನಡೆದಿಲ್ಲ’ ಎಂಬ ಮಾತು ಪದೇ ಪದೇ ಕಾಣಿಸಿಕೊಳ್ಳುತ್ತದೆ. ಎಷ್ಟೋ ಸಂದರ್ಭಗಳಲ್ಲಿ ಅದು ಅಧ್ಯಯನದ ಕೊರತೆಯನ್ನಲ್ಲ, ಶೋಧದ ಕೊರತೆಯನ್ನು ಸೂಚಿಸುತ್ತದೆ. ಗ್ರಂಥವು ಕಪಾಟಿನಲ್ಲಿದ್ದೂ ವಿದ್ಯಾರ್ಥಿಗೆ ದೊರೆಯದಿರಲು ಒಂದು ಮುಖ್ಯ ಕಾರಣ, ಅದು ಬೇರೊಂದು ಹೆಸರಿನಡಿ ದಾಖಲಾಗಿರುವುದು. ದಾವಣಗೆರೆ ಮತ್ತು ಹರಿಹರ ಇದಕ್ಕೆ ಸ್ಪಷ್ಟ ನಿದರ್ಶನಗಳು.

ದಾವಣಗೆರೆ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಅದಕ್ಕೆ ಮುನ್ನ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿಯೂ ಇದ್ದವು. ಬಳ್ಳಾರಿಯಿಂದ ಬಂದ ಹರಪನಹಳ್ಳಿ 2018ರಲ್ಲಿ ಅಲ್ಲಿಗೇ ಮರಳಿ, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಹೀಗಾಗಿ ಹಳೆಯ ಗ್ಯಾಸೆಟಿಯರ್ ಮತ್ತು ಜನಗಣತಿ ವರದಿಗಳನ್ನು ‘ದಾವಣಗೆರೆ ಜಿಲ್ಲೆ’ ಎಂಬ ಶೀರ್ಷಿಕೆಯಡಿ ಹುಡುಕಿದವರಿಗೆ ಏನೂ ದೊರೆಯದು.

ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಸುಮಾರು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಅಧ್ಯಯನವನ್ನು ಗಮನಿಸಬಹುದು. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ, ಅಂದರೆ ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ, ಹರಿಹರದ ಶಾಸನಗಳು ದಾವಣಗೆರೆ ತಾಲ್ಲೂಕಿನ ಕ್ರಮಸಂಖ್ಯೆಗಳಲ್ಲಿವೆ. ಇನ್ನು ಗಣಕಸೂಚಿಯಲ್ಲಿ ‘ಹರಿಹರ’ ಎಂಬ ಒಂದೇ ಪದವನ್ನು ಕೊಟ್ಟರೆ ರಗಳೆಯ ಕವಿ ಹರಿಹರನೂ ವಿಜಯನಗರದ ಅರಸರೂ ಮೊದಲು ಎದುರಾಗುತ್ತಾರೆ. ‘ದೇವಾಲಯ’, ‘ಹೊಯ್ಸಳ’, ‘ತುಂಗಭದ್ರಾ’ ಎಂಬ ಪದಗಳನ್ನು ಜೊತೆಗೂಡಿಸಿದಾಗ, ಶಾಸನಗಳಲ್ಲಿ ಬರುವ ‘ಕೂಡಲೂರು’ ಎಂಬ ಹೆಸರನ್ನೂ ಬಳಸಿದಾಗ ಶೋಧವು ಖಚಿತಗೊಳ್ಳುತ್ತದೆ.

ಆಧುನಿಕ ವಿಷಯಗಳೂ ಇದಕ್ಕೆ ಹೊರತಲ್ಲ. ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಹೆಸರಿನಲ್ಲಿ ಹರಿಹರದ್ದಾದರೂ ಅದಿರುವುದು ನದಿಯ ಆಚೆ ದಡದ ಕುಮಾರಪಟ್ಟಣದಲ್ಲಿ. ಆ ಊರು ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ್ದು, 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಅನಂತರ ಹಾವೇರಿ ಜಿಲ್ಲೆಗೆ ಬಂದಿತು. ನದೀಮಾಲಿನ್ಯವನ್ನು ಕುರಿತು ಅಭ್ಯಸಿಸುವವರು ಮೂರೂ ಜಿಲ್ಲೆಗಳ ಹೆಸರಿನಲ್ಲಿ ಹುಡುಕಬೇಕಾಗುತ್ತದೆ.

ಪ್ರಬಂಧಗಳ ಸ್ಥಿತಿಯೂ ಇದೇ. ದಾವಣಗೆರೆಯ ಸ್ನಾತಕೋತ್ತರ ಕೇಂದ್ರವು 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಡಿ ಆರಂಭವಾಗಿ, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಾಯಿತು. ಶೋಧಗಂಗಾ ಭಂಡಾರವನ್ನು ನೋಡುವವರು ಇಂದಿನ ವಿಶ್ವವಿದ್ಯಾನಿಲಯದ ಪುಟಕ್ಕೇ ನಿಂತರೆ ಹಿಂದಿನ ತಲೆಮಾರಿನ ದುಡಿಮೆ ಮರೆಯಾಗುತ್ತದೆ. ಕನ್ನಡ ಶೀರ್ಷಿಕೆಗಳನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯ ಭಿನ್ನ ಕಾಗುಣಿತಗಳಲ್ಲಿಯೂ ಹುಡುಕುವುದು ಅವಶ್ಯಕ. ಯೂನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸದ ಕಡತಗಳು ಯೂನಿಕೋಡ್ ಶೋಧಕ್ಕೆ ಸಿಗುವುದಿಲ್ಲ.

ಓದುಗನ ಸಮಯವನ್ನು ಉಳಿಸಬೇಕೆಂಬುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಸೂತ್ರಗಳಲ್ಲಿ ನಾಲ್ಕನೆಯದು. ಹಳೆಯ ಹೆಸರಿನಿಂದ ಹೊಸ ಹೆಸರಿಗೆ ದಾರಿ ತೋರುವ ‘ಇದನ್ನೂ ನೋಡಿ’ ಎಂಬ ಅಡ್ಡ ಉಲ್ಲೇಖಗಳನ್ನು ಸೂಚಿಯಲ್ಲಿ ಸೇರಿಸುವುದು ಗ್ರಂಥಪಾಲಕರ ಹೊಣೆ. ಒಂದು ಉತ್ತಮ ಗ್ರಂಥದ ಅಡಿಟಿಪ್ಪಣಿಗಳನ್ನು ಹಿಡಿದು ಹಿಂದಕ್ಕೆ ಸಾಗುವುದು, ಸ್ಥಳದ ಆಡಳಿತಾತ್ಮಕ ಚರಿತ್ರೆಯನ್ನು ಮೊದಲು ಪಟ್ಟಿ ಮಾಡಿಕೊಳ್ಳುವುದು ವಿದ್ಯಾರ್ಥಿಯ ಹೊಣೆ. ಇವೆರಡೂ ಕೂಡಿದ ಮೇಲೆಯೇ ‘ಅಧ್ಯಯನ ನಡೆದಿಲ್ಲ’ ಎಂಬ ಮಾತಿಗೆ ಅಧಿಕೃತತೆ ದೊರೆಯುತ್ತದೆ.