ಬಂಡೆಯ ತಲೆ ಯಾವುದು, ಬುಡ ಯಾವುದು?

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಯಾರಾದರೂ ಮನೆ ಕಟ್ಟಿಸಲು ತೊಡಗಿದರೆ ಮೊದಲು ರಸ್ತೆ ಬದಿಗೆ ಜಲ್ಲಿಯ ರಾಶಿ ಬೀಳುತ್ತದೆ. ಮಕ್ಕಳು ಅದರ ಮೇಲೆ ಹತ್ತಿ ಇಳಿಯುತ್ತಾರೆ. ಮೇಸ್ತ್ರಿ ಕಲ್ಲಿನ ಗಾತ್ರ ನೋಡುತ್ತಾನೆ. ಮನೆಯ ಯಜಮಾನರಿಗೆ ಲೋಡಿನ ಲೆಕ್ಕ. ಆ ಕಲ್ಲು ಯಾವುದೆಂದು ಕೇಳುವವರು ಅಪರೂಪ. ರಾಶಿಯಲ್ಲಿ ಕಪ್ಪು ಬಿಳುಪು ಪಟ್ಟೆಗಳ ಚೂರೊಂದು ಕೈಗೆ ಸಿಕ್ಕರೆ ಅದು ‘ನೈಸ್’ ಎಂಬ ಶಿಲೆಯಾಗಿರುವ ಸಂಭವ ಹೆಚ್ಚು. ದಾವಣಗೆರೆಯ ಸುತ್ತಲಿನ ಬಯಲಿನ ತಳದಲ್ಲಿ ಬಹುಮಟ್ಟಿಗೆ ಇರುವುದು ಇದೇ. ವಯಸ್ಸು ಸುಮಾರು 300 ಕೋಟಿ ವರ್ಷ.

ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಎಂದು ಶಿಲೆಗಳಲ್ಲಿ ಮೂರು ಬಗೆ ಎಂಬುದನ್ನು ಹೈಸ್ಕೂಲು ಮೆಟ್ಟಿಲು ಹತ್ತಿದವರೆಲ್ಲ ಒಮ್ಮೆ ಬಾಯಿಪಾಠ ಮಾಡಿದವರೇ. ಆದರೆ ಪಾಠ ಬಹಳ ಕಡೆ ಕಪ್ಪು ಹಲಗೆಯ ಚಿತ್ರದಲ್ಲೇ ಮುಗಿಯುತ್ತದೆ. ಪಾಠ ಹೇಳಿದ ಮೇಷ್ಟ್ರು ಆ ಮೂರನ್ನೂ ಅವು ಹುಟ್ಟಿದ ಜಾಗದಲ್ಲಿ ಕಂಡಿರಬೇಕೆಂಬ ನಿಯಮವೇನೂ ಇಲ್ಲ.

ವಿಚಿತ್ರವೆಂದರೆ, ಆ ಮೂರನ್ನೂ ಒಂದೇ ದಿನದಲ್ಲಿ ತೋರಿಸಬಲ್ಲ ನೆಲ ದಾವಣಗೆರೆಯಿಂದ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ದೂರದಲ್ಲಿದೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಜಿಲ್ಲಾ ಕೇಂದ್ರವಾಗಿದ್ದ ಚಿತ್ರದುರ್ಗವೇ ಅದು. ಕೋಟೆ ನೋಡಲು ಬರುವವರಿಗೆ ತಿಳಿಯದ ಇನ್ನೊಂದು ಯಾತ್ರೆ ಈ ಊರಿಗೆ ನಡೆಯುತ್ತದೆ. ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ತರಬೇತಿ ಸಂಸ್ಥೆ ತನ್ನ ಕ್ಷೇತ್ರ ತರಬೇತಿ ಕೇಂದ್ರಗಳಲ್ಲೊಂದನ್ನು ಚಿತ್ರದುರ್ಗದಲ್ಲಿ ಇಟ್ಟುಕೊಂಡಿದೆ. ಎಂ.ಎಸ್ಸಿ. ಮುಗಿಸಿ, ಪರೀಕ್ಷೆ ಗೆದ್ದು ಕೆಲಸಕ್ಕೆ ಸೇರಿದ ಯುವ ಭೂವಿಜ್ಞಾನಿಗಳು ಇಲ್ಲಿ ಬಿಸಿಲಲ್ಲಿ ನಡೆದು ನಕ್ಷೆ ಬರೆಯುವುದನ್ನು ಕಲಿಯುತ್ತಾರೆ. ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳು ಕೂಡ ತಂಡ ತಂಡವಾಗಿ ಬರುವುದುಂಟು.

ಚಿತ್ರದುರ್ಗವೇ ಏಕೆ? ಗದಗಿನ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ನಾಡಿನ ನಡುವೆ ನಾನೂರಕ್ಕೂ ಹೆಚ್ಚು ಕಿ.ಮೀ. ಉದ್ದಕ್ಕೆ ಹಾಸಿರುವ ಪುರಾತನ ಶಿಲೆಗಳ ಪಟ್ಟಿಯೊಂದಿದೆ. ಭೂವಿಜ್ಞಾನಿಗಳು ಅದನ್ನು ಚಿತ್ರದುರ್ಗ ಪಟ್ಟಿ ಎನ್ನುತ್ತಾರೆ. ನೈಸ್‌ನ ಬಯಲಿನ ನಡುವೆ ಮಡಚಿಕೊಂಡು ಉಳಿದ ಹಳೆಯ ಸಮುದ್ರಗಳ, ಜ್ವಾಲಾಮುಖಿಗಳ ಅವಶೇಷ ಅದು. ಪಟ್ಟಿಗೆ ಅಡ್ಡಲಾಗಿ ನಡೆದರೆ ಮರಳು ಗಟ್ಟಿಯಾದ ಕಲ್ಲು, ಸುಣ್ಣದ ಕಲ್ಲು, ಕಬ್ಬಿಣದ ಅದಿರಿನ ಪದರ, ಲಾವಾ, ಹಿಂದೆ ತಾಮ್ರದ ಗಣಿಯಿದ್ದ ಇಂಗಳದಾಳಿನ ಗುಡ್ಡಗಳು, ಕೋಟೆಯ ಕಡೆ ಗ್ರಾನೈಟ್ ಎಲ್ಲವೂ ಒಂದಾದ ಮೇಲೊಂದರಂತೆ ಸಿಗುತ್ತವೆ.

ಕ್ಷೇತ್ರ ಪ್ರವಾಸವೆಂದರೆ ಬುತ್ತಿ ಕಟ್ಟಿಕೊಂಡು ಹೋಗುವ ಪಿಕ್‌ನಿಕ್ ಅಲ್ಲ. ಪ್ರತಿಯೊಬ್ಬರ ಬಳಿಯೂ ಸುತ್ತಿಗೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಮಸೂರ, ಪದರ ಯಾವ ದಿಕ್ಕಿಗೆ ಎಷ್ಟು ಡಿಗ್ರಿ ವಾಲಿದೆ ಎಂದು ಅಳೆಯುವ ದಿಕ್ಸೂಚಿ, ಸರ್ವೆ ಆಫ್ ಇಂಡಿಯಾದ ನಕ್ಷೆ, ಟಿಪ್ಪಣಿ ಪುಸ್ತಕ. ಒಂದು ಸಣ್ಣ ಸೀಸೆಯಲ್ಲಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣದ ಕಲ್ಲಿನ ಮೇಲೆ ಒಂದು ಹನಿ ಬಿದ್ದರೆ ಸೊಂಯ್ ಎಂದು ನೊರೆಯೇಳುತ್ತದೆ. ಉಪಗ್ರಹದ ನೆರವಿನಿಂದ ಇರುವ ಸ್ಥಳ ಹೇಳುವ ಜಿ.ಪಿ.ಎಸ್. ಬಂದ ಮೇಲೆ ದಾರಿ ತಪ್ಪುವ ಭಯ ಹೋಗಿದೆ, ಅಷ್ಟೆ. ಕಲ್ಲನ್ನು ಓದುವ ಕೆಲಸವನ್ನು ಅದು ಮಾಡಿಕೊಡುವುದಿಲ್ಲ. ಬಂಡೆ ಕಂಡ ಕೂಡಲೇ ಸುತ್ತಿಗೆ ಎತ್ತುವವನು ಹೊಸಬ. ಪಳಗಿದವರು ಮೊದಲು ನಾಲ್ಕು ಹೆಜ್ಜೆ ಹಿಂದೆ ನಿಂತು ಇಡೀ ಬಂಡೆಯನ್ನು ನೋಡಿ ಅದರ ಚಿತ್ರ ಬರೆಯುತ್ತಾರೆ. ಮಸೂರದ ಸರದಿ ಆಮೇಲೆ.

ಇಂಥ ಪ್ರವಾಸದಲ್ಲಿ ತಪ್ಪದೆ ನೋಡಬೇಕಾದ ಜಾಗ ಚಿತ್ರದುರ್ಗದಿಂದ ಆಗ್ನೇಯಕ್ಕೆ ಸುಮಾರು 16 ಕಿ.ಮೀ. ದೂರದ ಮರಡಿಹಳ್ಳಿ. ಅಲ್ಲಿನ ಹಸಿರು ಛಾಯೆಯ ಕಪ್ಪು ಬಂಡೆಗಳನ್ನು ದೂರದಿಂದ ನೋಡಿದರೆ ವಿಶೇಷವೇನೂ ಕಾಣದು. ಹತ್ತಿರ ಹೋದರೆ ಬಂಡೆಯ ಮೈಯೆಲ್ಲ ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿದಂತಿದೆ. ಪ್ರತಿ ದಿಂಬಿಗೂ ಬೇರೆ ಬಣ್ಣದ ತೆಳು ಅಂಚು. ಇದಕ್ಕೆ ‘ದಿಂಬು ಲಾವಾ’ ಎಂದೇ ಹೆಸರು. 250 ಕೋಟಿ ವರ್ಷಗಳಿಗೂ ಹಿಂದೆ ನೀರಿನೊಳಗೆ ಉಕ್ಕಿದ ಲಾವಾ ಇದು.

ಲಾವಾ ನೀರಿಗೆ ತಾಗಿದಾಗ ಹೊರಮೈ ತಕ್ಷಣ ಆರಿ ಗಾಜಿನಂತೆ ಗಟ್ಟಿಯಾಗುತ್ತದೆ. ಒಳಗಿನ್ನೂ ಕುದಿಯುವ ದ್ರವ. ಒತ್ತಡ ಹೆಚ್ಚಿ ಸಿಪ್ಪೆ ಬಿರಿದಾಗ ಒಳಗಿನದು ಮತ್ತೊಂದು ಉಂಡೆಯಾಗಿ ಹೊರಬರುತ್ತದೆ. ಹೀಗೆ ಉಂಡೆಯ ಮೇಲೆ ಉಂಡೆ. 1970ರ ದಶಕದ ಆರಂಭದಲ್ಲಿ ಹವಾಯಿ ದ್ವೀಪದ ತೀರದಲ್ಲಿ ಮುಳುಗುಗಾರರು ಸಮುದ್ರದೊಳಗೆ ಇಳಿದು ಈ ಕ್ರಿಯೆಯನ್ನು ಕಣ್ಣಾರೆ ಕಂಡು ಚಿತ್ರೀಕರಿಸಿದ್ದಾರೆ. ಬಯಲುಸೀಮೆಯ ಮರಡಿಹಳ್ಳಿ ಒಮ್ಮೆ ನೀರಿನ ತಳವಾಗಿತ್ತು ಎನ್ನಲು ಈ ದಿಂಬುಗಳೇ ಸಾಕ್ಷಿ.

ಭೂವಿಜ್ಞಾನಿಗಳಿಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಉಪಯೋಗ ದಿಂಬಿಗಿದೆ. ಬಿಸಿ ರಾಗಿಮುದ್ದೆಗಳನ್ನು ಪಾತ್ರೆಯಲ್ಲಿ ಒಂದರ ಮೇಲೊಂದು ಇಟ್ಟರೆ ಏನಾಗುತ್ತದೆ? ಮೇಲಿನ ಮುದ್ದೆಯ ತಲೆ ಗುಂಡಗೇ ಇರುತ್ತದೆ. ಅದರ ಬುಡ ಕೆಳಗಿನ ಎರಡು ಮುದ್ದೆಗಳ ಸಂದಿಗೆ ಇಳಿದು ಚೂಪಾಗುತ್ತದೆ. ಲಾವಾದ ದಿಂಬೂ ಹಾಗೆಯೇ. ಗುಂಡಗಿನ ಭಾಗ ತಲೆ, ಚೂಪಾದ ಬಾಲ ಬುಡ. ಬಾಲ ಆಕಾಶ ನೋಡುತ್ತಿದ್ದರೆ ಆ ಪದರವೇ ತಲೆಕೆಳಗಾಗಿದೆ ಎಂದರ್ಥ. ಚಿತ್ರದುರ್ಗ ಪಟ್ಟಿಯ ಪದರಗಳು ಮಡಚಿ, ಎದ್ದು, ಹಲವೆಡೆ ಗೋಡೆಯಂತೆ ಲಂಬವಾಗಿ ನಿಂತಿವೆ. ಮೊದಲು ಹುಟ್ಟಿದ ಪದರ ಯಾವುದು, ನಂತರದ್ದು ಯಾವುದು ಎಂದು ತಿಳಿಯದೆ ನಕ್ಷೆ ಬರೆದರೆ ಇತಿಹಾಸದ ಪುಸ್ತಕವನ್ನು ಕೊನೆಯ ಪುಟದಿಂದ ಓದಿದಂತೆ. ಅದಿರಿನ ಪದರ ನೆಲದಡಿಯಲ್ಲಿ ಎತ್ತ ತಿರುಗಿದೆ ಎಂಬ ಲೆಕ್ಕವೂ ತಪ್ಪುತ್ತದೆ. ಈ ‘ತಲೆ-ಬುಡ’ದ ಪಾಠವನ್ನು ಪುಸ್ತಕದ ಚಿತ್ರ ನೋಡಿ ಒಪ್ಪಬಹುದು. ಕಲಿಯಬೇಕಾದರೆ ಬಂಡೆಯ ಮುಂದೆ ಮಂಡಿಯೂರಬೇಕು.

ತಲೆ-ಬುಡದ ಜಗಳ ಇಲ್ಲಿನ ಕಲ್ಲುಗಳಿಗೆ ಹೊಸದಲ್ಲ. 1880ರ ದಶಕದಲ್ಲಿ ಈ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರಿಟ್ಟು ಪ್ರಪಂಚಕ್ಕೆ ಪರಿಚಯಿಸಿದವರು ರಾಬರ್ಟ್ ಬ್ರೂಸ್ ಫುಟ್. ನೈಸ್ ಹಳೆಯದು, ಅದರ ಮೇಲೆ ಧಾರವಾಡ ಶಿಲೆಗಳು ಹಾಸಿಕೊಂಡವು ಎಂಬುದು ಅವರ ಮತ. ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆ ತೆರೆಯಿತು. ಮುಂದೆ ಅದರ ಮುಖ್ಯಸ್ಥರಾದ ಡಬ್ಲ್ಯು.ಎಫ್. ಸ್ಮೀತ್ 1916ರ ಹೊತ್ತಿಗೆ ಇದನ್ನು ಬುಡಮೇಲು ಮಾಡಿದರು: ಧಾರವಾಡ ಶಿಲೆಗಳೇ ಹಳೆಯವು, ನೈಸ್ ಅವುಗಳೊಳಗೆ ನುಗ್ಗಿ ಬಂದ ಕಿರಿಯ ಶಿಲೆ ಎಂದರು. ಧಾರವಾಡ ಶಿಲೆಗಳಲ್ಲಿ ನೀರಿನ ಕೆಲಸವೇ ಇಲ್ಲ, ಎಲ್ಲವೂ ಬೆಂಕಿಯಿಂದ ಹುಟ್ಟಿದವು ಎಂದೂ ವಾದಿಸಿದರು. ಅದೇ ಇಲಾಖೆಯ ಬಿ. ರಾಮರಾವ್ ಮೊದಲಾದವರು ಅದೇ ಗುಡ್ಡಗಳನ್ನು ಮತ್ತೆ ಸುತ್ತಿ, ನೀರು ತಂದು ಹಾಸಿದ ಪದರಗಳೂ ಅಲ್ಲಿವೆ ಎಂದು ತೋರಿಸಿದರು. ಚಿಕ್ಕಮಗಳೂರು ಜಿಲ್ಲೆಯ ಕಲ್ದುರ್ಗದಲ್ಲಿ ಗುಂಡುಕಲ್ಲುಗಳು ಅಂಟಿಕೊಂಡು ಆದ ಶಿಲೆಯಿದೆ. ಆ ಗುಂಡುಗಳಲ್ಲಿ ಗ್ರಾನೈಟ್, ನೈಸ್ ಜಾತಿಯ ತುಂಡುಗಳೂ ಇವೆ. ಮೊದಲೇ ಇದ್ದ ಬಂಡೆ ಒಡೆದರೆ ತಾನೆ ತುಂಡು?

ಶಿಲೆಯಲ್ಲಿನ ವಿಕಿರಣ ಧಾತುಗಳಿಂದ ವಯಸ್ಸು ಅಳೆಯುವ ವಿಧಾನ ಬಂದ ಮೇಲೆ ಇಬ್ಬರ ಮಾತಿನಲ್ಲೂ ಸತ್ಯವಿತ್ತೆಂದು ಗೊತ್ತಾಯಿತು. ಧಾರವಾಡ ಶಿಲೆಗಳಿಗಿಂತ ಹಳೆಯ ನೈಸ್ ಇದೆ, ಅವುಗಳೊಳಗೆ ನುಗ್ಗಿದ ಕಿರಿಯ ಗ್ರಾನೈಟೂ ಇದೆ. ಚಿತ್ರದುರ್ಗದ ಗ್ರಾನೈಟ್ ಸುಮಾರು 260 ಕೋಟಿ ವರ್ಷದ್ದು. ಓಬವ್ವನ ಕಿಂಡಿ ನೋಡಿ ಮೈಮರೆಯುವವರು ಈ ‘ಕಿರಿಯ’ನನ್ನೂ ಒಮ್ಮೆ ಮುಟ್ಟಿ ನೋಡಬಹುದು.

ವಾದಗಳು ಮುಗಿದಿವೆ ಎಂದಲ್ಲ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಬಳಿಯ ಗುಂಡುಕಲ್ಲಿನ ಶಿಲೆಯನ್ನು ಬಹುಕಾಲ ಹಲವರು ನೀರಿನ ಕೆಲಸವೆಂದೇ ಓದುತ್ತಿದ್ದರು. 2014ರಲ್ಲಿ ಭಾರತ ಮತ್ತು ಅಮೆರಿಕದ ಭೂವಿಜ್ಞಾನಿಗಳ ತಂಡವೊಂದು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಇದು ಸುಮಾರು 270 ಕೋಟಿ ವರ್ಷಗಳ ಹಿಂದೆ ಹಿಮನದಿ ಹೊತ್ತು ತಂದು ಸಮುದ್ರಕ್ಕೆ ಬೀಳಿಸಿದ ಕಲ್ಲುಗಳಿರಬೇಕು ಎಂದು ವಾದಿಸಿತು. ಮಳೆಗಾಗಿ ಮುಗಿಲು ನೋಡುವ ಹೊಳಲ್ಕೆರೆಯಲ್ಲಿ ಹಿಮ! ಒಪ್ಪುವವರಿಗೂ ಒಪ್ಪದವರಿಗೂ ದಾರಿ ಒಂದೇ: ತಾಳ್ಯಕ್ಕೆ ಹೋಗಿ ಆ ಕಲ್ಲುಗಳನ್ನು ನೋಡಬೇಕು.

ಆ ಕಲ್ಲು ಅಲ್ಲಿ ಉಳಿದಿರಬೇಕು ಎಂಬುದು ಮುಂದಿನ ಮಾತು. ಪ್ರಯೋಗ ಕೆಟ್ಟರೆ ಇನ್ನೊಂದು ಸಲ ಮಾಡಬಹುದು. ಬಂಡೆ ಒಡೆದರೆ ಇನ್ನೊಂದು ಬಂಡೆ ಹುಟ್ಟುವುದಿಲ್ಲ. ಓದಲು ಅನುಕೂಲವಾದ ಬಂಡೆ ಸಾಮಾನ್ಯವಾಗಿ ರಸ್ತೆಗೆ ಹತ್ತಿರದ್ದು. ಲಾರಿಗೂ ಅದೇ ಅನುಕೂಲ. ಜಲ್ಲಿ ಕ್ರಷರಿನ ಬಾಯಿಗೆ ದಿಂಬು ಲಾವಾವೂ ಒಂದೇ, ಬೇರೆ ಕಲ್ಲೂ ಒಂದೇ. ರಸ್ತೆ ಅಗಲ ಮಾಡಲು ಗುಡ್ಡ ಕೊರೆದಾಗ ಕೆಲವೊಮ್ಮೆ ಒಳ್ಳೆಯ ಹೊಸ ಮುಖ ತೆರೆದುಕೊಳ್ಳುವುದೂ ಉಂಟು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಇನ್ನು ಕಲಿಯಲು ಬಂದವರ ಸುತ್ತಿಗೆ. ಒಬ್ಬೊಬ್ಬರೂ ನೆನಪಿಗೆಂದು ಒಂದೊಂದು ಚೂರು ಒಯ್ದರೆ ವರ್ಷಗಳು ಕಳೆದಂತೆ ಪಾಠವೇ ಕರಗುತ್ತದೆ.

ಮರಡಿಹಳ್ಳಿಯ ದಿಂಬುಗಳನ್ನು ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಉಡುಪಿಯ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ ಈ ಪಟ್ಟಿಯಲ್ಲಿರುವ ರಾಜ್ಯದ ಇತರ ಹೆಸರುಗಳು. ಆದರೆ ಕೋಟೆ, ದೇವಾಲಯಗಳಿಗೆ ಪುರಾತತ್ವ ಕಾಯ್ದೆಯ ಬಲವಿರುವಂತೆ ಈ ಘೋಷಣೆಯ ಹಿಂದೆ ಪ್ರತ್ಯೇಕ ಕಾಯ್ದೆ ಇರಲಿಲ್ಲ. ಕೇಂದ್ರ ಗಣಿ ಸಚಿವಾಲಯ ಇಂಥ ತಾಣಗಳ ರಕ್ಷಣೆಗೆಂದು ಕರಡು ಮಸೂದೆಯನ್ನು ಸಾರ್ವಜನಿಕರ ಮುಂದಿಟ್ಟದ್ದು 2022ರ ಡಿಸೆಂಬರಿನಲ್ಲಿ; ಮರಡಿಹಳ್ಳಿಯ ಘೋಷಣೆಯಾಗಿ 46 ವರ್ಷಗಳ ನಂತರ.

ಕಾಯ್ದೆಯ ಮಾತು ಹಾಗಿರಲಿ. ದಾವಣಗೆರೆಯಿಂದ ಶಾಲಾ ಮಕ್ಕಳನ್ನು ಕೋಟೆಗೆ ಕರೆತರುವ ಬಸ್ಸು ಇನ್ನು ಅರ್ಧ ಗಂಟೆ ಮುಂದೆ ಹೋದರೆ ಮರಡಿಹಳ್ಳಿ. ಅಲ್ಲಿಗೆ ಹೋಗುವ ಮೇಷ್ಟ್ರು ಸುತ್ತಿಗೆ ಒಯ್ಯಬೇಕಾಗಿಲ್ಲ. ಮಕ್ಕಳಿಗೆ ಕೇಳಲು ಒಂದು ಪ್ರಶ್ನೆ ಸಾಕು: ಇದರಲ್ಲಿ ತಲೆ ಯಾವುದು, ಬುಡ ಯಾವುದು?