ಎರೆಯ ಹಾದಿಯ ಬೇಸಿಗೆ ಹೂಗಳು

ಏಪ್ರಿಲ್ ತಿಂಗಳಲ್ಲಿ ಕಾಡುಹೂಗಳ ಚಿತ್ರ ತೆಗೆಯಲು ನವಲಗುಂದದ ಕಡೆಗೆ ಸೈಕಲ್ಲಿನ ಮೇಲೆ ಒಬ್ಬನೇ ಹೊರಟಿದ್ದೇನೆ ಎಂದಾಗ ಮನೆಯವರು ನಕ್ಕರು. ನಗೆಗೆ ಕಾರಣವಿಲ್ಲದಿರಲಿಲ್ಲ. ಧಾರವಾಡ ಜಿಲ್ಲೆಯ ಮೂಡಣ ಭಾಗ ಎರೆಯ ಸೀಮೆ. ಕಡಲೆ, ಕುಸುಬೆ, ಬಿಳಿಜೋಳ ಮನೆ ಸೇರಿದ ಮೇಲೆ ಅಲ್ಲಿ ಕಣ್ಣು ಹಾಯುವಷ್ಟು ದೂರವೂ ಬರಿಯ ಕರಿನೆಲ. ನೀರು ಕುಡಿದಾಗ ಹಿಗ್ಗಿ, ಆರಿದಾಗ ಕುಗ್ಗುವ ಜೇಡಿಯಾದ್ದರಿಂದ ಬೇಸಿಗೆಯಲ್ಲಿ ಅದು ಕೈ ಇಳಿಬಿಡುವಷ್ಟು ಅಗಲಕ್ಕೆ ಬಿರಿಯುತ್ತದೆ. ಅಂಥಲ್ಲಿ ಹೂವೆಲ್ಲಿ?

ಹೊಲದೊಳಗೆ ಇರಲಿಲ್ಲ, ನಿಜ. ಇದ್ದದ್ದು ಹಾದಿಯ ಬದಿಯಲ್ಲಿ. ನೇಗಿಲೂ ಮುಟ್ಟದ, ಗಾಡಿಯ ಗಾಲಿಯೂ ತುಳಿಯದ ಎರಡು ಮೊಳ ಅಗಲದ ಆ ಪಟ್ಟಿ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಮೋಟಾರಿನಲ್ಲಿ ಕುಳಿತವನಿಗೆ ಅದೊಂದು ಬೂದು ಗೆರೆ ಮಾತ್ರ. ಸೈಕಲ್ಲಿನ ವೇಗಕ್ಕೆ ಅದು ಬಿಡಿಬಿಡಿಯಾಗಿ ಕಾಣತೊಡಗುತ್ತದೆ. ಬೆಳಗಿನ ಆರರಿಂದ ಒಂಬತ್ತರವರೆಗೆ ಚಿತ್ರ ತೆಗೆಯುವುದು, ಆಮೇಲೆ ಯಾವುದಾದರೊಂದು ಬೇವಿನ ನೆರಳು ಹಿಡಿಯುವುದು ಎಂದು ನನಗೆ ನಾನೇ ನಿಯಮ ಮಾಡಿಕೊಂಡಿದ್ದೆ. ಬಿಸಿಲೇರಿದ ಮೇಲೆ ಬಣ್ಣಗಳೆಲ್ಲ ಬಿಳಚಿಕೊಳ್ಳುತ್ತವೆ, ತೆಗೆಯುವವನೂ ಹಾಗೆಯೇ.

ಯಮನೂರಿನ ಸಮೀಪ, ಬೆಣ್ಣಿಹಳ್ಳದ ಒಣಗಿದ ದಂಡೆಯಲ್ಲಿ ನನ್ನನ್ನು ಮೊದಲು ನಿಲ್ಲಿಸಿದ್ದು ಎಕ್ಕ. ಮಾರುತಿಗೆ ಎಕ್ಕದ ಎಲೆಯ ಹಾರ ಹಾಕುತ್ತೇವೆ, ರಥಸಪ್ತಮಿಯ ಸ್ನಾನಕ್ಕೆ ಅದರ ಎಲೆ ಹುಡುಕುತ್ತೇವೆ. ಹೂವಿನೊಳಗೆ ಇಣುಕಿ ನೋಡಿದವರು ಕಡಿಮೆ. ಮೇಣದಲ್ಲಿ ಎರಕ ಹೊಯ್ದಂಥ ಐದು ದಳಗಳು, ನಡುವೆ ಐದು ಮೂಲೆಯ ಕಿರೀಟ. ಇಲ್ಲಿ ಪರಾಗ ಪುಡಿಯಾಗಿ ಉದುರುವುದಿಲ್ಲ. ಎರಡೆರಡು ಪುಟ್ಟ ಚೀಲಗಳಾಗಿ, ಒಂದು ಕೊಂಡಿಗೆ ತೂಗುಹಾಕಿದಂತೆ, ಹೂವಿನ ನಡುಗಂಬದ ಸಂದುಗಳಲ್ಲಿ ಅಡಗಿರುತ್ತದೆ. ಮರ ಕೊರೆದು ಗೂಡು ಮಾಡುವ ಕರಿಯ ದೊಡ್ಡ ದುಂಬಿ ಮಕರಂದಕ್ಕೆಂದು ಬಂದು ಕಾಲೂರುತ್ತದೆ; ಕಾಲು ಸಂದಿನೊಳಕ್ಕೆ ಜಾರುತ್ತದೆ. ಬಲವಾಗಿ ಎಳೆದುಕೊಂಡಾಗ ಚೀಲಗಳ ಜೋಡಿ ಅಂಟಿಕೊಂಡು ಬರುತ್ತದೆ. ಮುಂದಿನ ಹೂವಿನಲ್ಲಿ ಇದೇ ಪೇಚಾಟ ನಡೆದಾಗ ಚೀಲ ಅಲ್ಲಿ ಉಳಿಯುತ್ತದೆ. ಇದಿಷ್ಟನ್ನೂ ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಬಿಸಿ ನೆಲಕ್ಕೆ ಹೊಟ್ಟೆಯೂರಿ, ಗಾಳಿ ನಿಲ್ಲುವುದನ್ನು ಕಾಯುತ್ತ ಮಲಗಿ, ನಲವತ್ತು ಚಿತ್ರ ತೆಗೆದ ಮೇಲೆ, ಒಂದೇ ಒಂದರಲ್ಲಿ ದುಂಬಿಯ ಕಾಲಿಗೆ ಜೋತ ಹಳದಿ ಚೀಲ ಸ್ಪಷ್ಟವಾಗಿ ಮೂಡಿದ್ದನ್ನು ಕಂಡಾಗ ಆದ ಸಂತೋಷವನ್ನು ಯಾವ ಪುಸ್ತಕವೂ ಕೊಟ್ಟಿರಲಿಲ್ಲ.

ಎಕ್ಕಕ್ಕೆ ಬೇಸಿಗೆಯ ಹೆದರಿಕೆ ಇಲ್ಲದಿರುವುದಕ್ಕೆ ಕಾರಣ ಅದರ ಆಳದ ಬೇರು ಮತ್ತು ನೀರು ಆರಲು ಬಿಡದ ಮೇಣದ ಎಲೆ. ಅದರ ವಿಷದ ಹಾಲಿಗೆ ಅಂಜಿ ದನಗಳು ಬಾಯಿ ಹಾಕುವುದಿಲ್ಲ. ಒಂದು ಕಿತ್ತಳೆ ಬಣ್ಣದ ಪಾತರಗಿತ್ತಿಯ ಮರಿಹುಳು ಮಾತ್ರ ಆ ಎಲೆಯನ್ನೇ ತಿಂದು, ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು, ಹಕ್ಕಿಗಳಿಂದ ಪಾರಾಗುತ್ತದೆ.

ಮಾರನೆಯ ದಿನ ಅಣ್ಣಿಗೇರಿಯ ಕಡೆಗೆ ಹೊರಳಿದೆ. ಬೆಳ್ವೊಲ ಮುನ್ನೂರರ ರಾಜಧಾನಿಯಾಗಿದ್ದ ಊರು. ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ಮೊಮ್ಮಗಳೆಂದು ಕವಿಯ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನ ತಿಳಿಸುತ್ತದೆ. ಮಲ್ಲಿಗೆ, ಮಾವುಗಳನ್ನು ಅಷ್ಟೊಂದು ಪ್ರೀತಿಸಿದ ಕವಿ ತನ್ನ ತಾಯಿಯ ಊರಿನ ತಂಗಡಿ ಹೂವನ್ನು ಯಾವ ಕಣ್ಣಿನಿಂದ ಕಂಡಿದ್ದನೋ ಎಂದು ಯೋಚಿಸುತ್ತ, ಜಾಲಿಯ ಮುಳ್ಳು ಚುಚ್ಚಿದ ಗಾಲಿಗೆ ತೇಪೆ ಹಾಕುತ್ತ, ಒಂದು ಬದುವಿನ ಮೇಲೆ ಕುಳಿತೆ. ಎದುರಿಗೇ ತಂಗಡಿ ಅರಳಿತ್ತು. ಆವರಿಕೆ ಎಂದರೂ ಅದೇ. ಚರ್ಮ ಹದಮಾಡುವವರು ಇದರ ತೊಗಟೆಯನ್ನು ಬಹುಕಾಲ ಬಳಸಿದರು.

ಈ ಹೂವಿನಲ್ಲಿ ಮಕರಂದವಿಲ್ಲ. ಬಂದ ಅತಿಥಿಗೆ ಪರಾಗವೇ ಊಟ. ಅದನ್ನೂ ಬಾಗಿಲು ತೆರೆದು ಬಡಿಸುವುದಿಲ್ಲ. ಪರಾಗಕೋಶದ ತುದಿಯಲ್ಲಿ ಸೂಜಿಯ ಮೊನೆಯಷ್ಟು ರಂಧ್ರವಿದೆ, ಅಷ್ಟೇ. ದುಂಬಿ ಕೇಸರಗಳನ್ನು ತಬ್ಬಿ ಹಿಡಿದು, ರೆಕ್ಕೆ ಆಡಿಸದೆ ರೆಕ್ಕೆಯ ಸ್ನಾಯುಗಳನ್ನು ಮಾತ್ರ ಅದುರಿಸುತ್ತದೆ. ಉಪ್ಪಿನ ಡಬ್ಬಿಯನ್ನು ಕೊಡವಿದಂತೆ ಪರಾಗ ಚಿಮ್ಮುತ್ತದೆ. ಗಿಡ್ಡ ಕೇಸರಗಳದು ದುಂಬಿಯ ಪಾಲು. ಬಾಗಿದ ಉದ್ದ ಕೇಸರಗಳದು ಅದರ ಮೈಗೆ ಮೆತ್ತಿ ಇನ್ನೊಂದು ಹೂವಿಗೆ ಹೋಗಬೇಕಾದದ್ದು. ಕಣ್ಣಿಗಿಂತ ಮೊದಲು ಇದು ಕಿವಿಗೆ ತಿಳಿಯುತ್ತದೆ: ಹಾರುವಾಗಿನ ಝೇಂಕಾರ ಹೂವಿನ ಮೇಲೆ ಕುಳಿತೊಡನೆ ಸ್ವರ ಬದಲಿಸುತ್ತದೆ. ಬಾನುಲಿಯಲ್ಲಿ ಅದನ್ನೇ ಕೇಳಿಸಬಹುದಾಗಿತ್ತು. ನನ್ನ ಬಳಿ ಇದ್ದದ್ದು ಕ್ಯಾಮೆರಾ.

ದತ್ತೂರಿ ಮುಳ್ಳಿನ ಹಳದಿ ಹೂವೂ ದಾರಿಯುದ್ದಕ್ಕೂ ಸಿಕ್ಕಿತು. ಅದು ಮೆಕ್ಸಿಕೋ ದೇಶದ್ದು. ಅದರ ಬೀಜದ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತು 1998ರಲ್ಲಿ ದೆಹಲಿಯಲ್ಲಿ ಅನೇಕರು ಸತ್ತರು. ನಾವು ಕಾಂಗ್ರೆಸ್ ಕಸವೆನ್ನುವ ಪಾರ್ಥೇನಿಯಮ್ಮೂ ಅಮೆರಿಕ ಖಂಡದಿಂದ ಬಂದದ್ದೇ. ಇವುಗಳ ಚಿತ್ರ ತೆಗೆಯಲೋ ಬೇಡವೋ ಎಂದು ಅನುಮಾನಿಸಿದೆ; ಕೊನೆಗೆ ತೆಗೆದೆ. ಹಾದಿಯಲ್ಲಿ ಇರುವುದನ್ನು ಇಲ್ಲವೆನ್ನುವುದು ಚಿತ್ರಕಾರನ ಕೆಲಸವಲ್ಲ.

ಸವಾಯಿ ಗಂಧರ್ವರ ಊರಾದ ಕುಂದಗೋಳದ ಆಚೆ ಒಂದು ಗಾಡಿ ಹಾದಿ. ಅದರ ಎಡಬದಿಯಲ್ಲಿ ಸುಮಾರು ಒಂದು ಫರ್ಲಾಂಗಿನುದ್ದಕ್ಕೂ ತಂಗಡಿಯ ಬೇಲಿ. ಅದರ ಬುಡದಲ್ಲಿ ನೆಲಕ್ಕೆ ಅಂಟಿ ಬೆಳೆದ, ಮೈಯೆಲ್ಲ ಮುಳ್ಳಾದ, ನೇರಳೆ ಹೂವಿನ ಗಿಡ. ನನಗೆ ಹೆಸರು ತಿಳಿಯಲಿಲ್ಲ. ಅತ್ತ ಹೊರಟಿದ್ದ ಇಬ್ಬರು ಹುಡುಗರನ್ನು ಕೇಳಿದೆ. "ಮುಳ್ಳಿನ ಗಿಡರೀ" ಎಂದರು. ಹಿಂದಿನಿಂದ ಬುಟ್ಟಿ ಹೊತ್ತು ಬಂದ ಮುದುಕಿ ಬಗ್ಗಿ ನೋಡಿ, "ನೆಲಗುಳ್ಳ ಅಲ್ಲೇನೋ ಎಪ್ಪಾ, ಕೆಮ್ಮಿಗೆ ಕಷಾಯ ಮಾಡ್ತಿದ್ವಿ" ಎಂದಳು. ಹುಡುಗರು ಆ ಹೆಸರನ್ನು ನನ್ನಷ್ಟೇ ಹೊಸದಾಗಿ ಕೇಳಿದರು. ಆ ಹಾದಿಯಲ್ಲಿ ಆ ದಿನ ನನಗೆ ಸಿಕ್ಕ ಮುಖ್ಯ ವಸ್ತು ಚಿತ್ರವಲ್ಲ, ಆ ಶಬ್ದ.

ಕಲಘಟಗಿಗೆ ಹೋದದ್ದು ಮೇ ತಿಂಗಳಲ್ಲಿ, ಒಂದೆರಡು ಅಡ್ಡಮಳೆ ಬಿದ್ದ ಮೇಲೆ. ಮಣ್ಣು ಕೆಂಪಾಗುತ್ತದೆ, ಹಾದಿ ಏರಿಳಿಯುತ್ತದೆ, ಮಲೆನಾಡಿನ ಸೆರಗು ಕೈಗೆ ತಾಗುತ್ತದೆ. ಮುತ್ತುಗದ ಕೆಂಪು ಮುಗಿದು ಕಾಯಿ ಒಣಗಿತ್ತು. ಕಕ್ಕೆ ಮಾತ್ರ ಎಲೆಯುದುರಿಸಿ ಹೊನ್ನಿನ ಗೊಂಚಲು ಇಳಿಬಿಟ್ಟಿತ್ತು. ಬಾಗಿದ ಮೂರು ಉದ್ದ ಕೇಸರಗಳನ್ನು ನೋಡಿದೊಡನೆ ತಂಗಡಿಯ ನಂಟು ಗೊತ್ತಾಯಿತು. ಬೇಸಿಗೆಯಲ್ಲೇ ಹೂ ಬಿಡುವ ಜಾಣತನವನ್ನು ಬೇವಿನಿಂದ ತಿಳಿಯಬಹುದು. ಯುಗಾದಿಗೆ ಅರಳಿದ ಹೂ ಮಳೆ ಹಿಡಿಯುವ ಹೊತ್ತಿಗೆ ಹಣ್ಣಾಗಿ ಉದುರುತ್ತದೆ. ಅದರ ಬೀಜ ಕೆಲವೇ ವಾರ ಜೀವ ಹಿಡಿಯುವುದರಿಂದ ಹಸಿ ನೆಲ ಕೂಡಲೇ ಸಿಕ್ಕಬೇಕು.

ಮರಳುವಾಗ ಬೇಕೆಂದೇ ಕುಂದಗೋಳದ ದಾರಿ ಹಿಡಿದೆ. ಗಾಡಿ ಹಾದಿ ಅಗಲವಾಗಿತ್ತು. ಎಡಬದಿಯ ಬೇಲಿ ಇರಲಿಲ್ಲ; ಯಂತ್ರದ ಹಲ್ಲಿನ ಗುರುತುಗಳಿದ್ದವು. ಪಕ್ಕದ ಹೊಲದ ರೈತನಿಗೆ ಸಂತೋಷವಾಗಿತ್ತು. ಮಳೆಗಾಲದಲ್ಲಿ ಆ ಹಾದಿ ಎಂಥ ಕೆಸರೆಂಬುದನ್ನೂ, ಬಸುರಿಯೊಬ್ಬಳನ್ನು ಹೊರಸಿನ ಮೇಲೆ ಹೊತ್ತು ತಂದದ್ದನ್ನೂ ಅವನು ಹೇಳಿದ. ಅವನಿಗೆ ಎದುರಾಡುವ ಮಾತು ನನ್ನಲ್ಲಿರಲಿಲ್ಲ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏಪ್ರಿಲ್ ತಿಂಗಳ ಬೇಲಿಯನ್ನು ತೋರಿಸಿದೆ. ಅಂಗೈಯಿಂದ ಬಿಸಿಲು ಮರೆಮಾಡಿ ಬಹಳ ಹೊತ್ತು ನೋಡಿದ. "ಇಷ್ಟು ಹೂವು ಇತ್ತೇನ್ರೀ ಇಲ್ಲಿ?" ಎಂದು ಕೇಳಿದ. ಮಣ್ಣಿನ ಗುಡ್ಡೆಯಲ್ಲಿ ತಲೆಕೆಳಗಾಗಿ ಬಿದ್ದ ಒಂದು ತಂಗಡಿಯಲ್ಲಿ ಒಣಗಾಯಿಗಳು ಉಳಿದಿದ್ದವು. ಅವನೇ ಹೋಗಿ ನಾಲ್ಕನ್ನು ಹರಿದು ತಂದ. ಎರಡನ್ನು ನನಗೆ ಕೊಟ್ಟು, ಎರಡನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.